ಗಂಟು ಬಿಡಿಸುವ ಮುನ್ನ: ಕುದುರೆಯ ಚರ್ಮದಲ್ಲಿ ಏಳುವ ಉಬ್ಬುಗಳು

ಮೈಸೂರಿನಲ್ಲಿ ಟಾಂಗಾಗಳು ನಿಲ್ಲುವ ಜಾಗದಲ್ಲಿ ಸ್ವಲ್ಪ ಹೊತ್ತು ಕಳೆದರೆ, ಸವಾರಿಗಲ್ಲದೆ ಬೇರೊಂದು ಕೆಲಸಕ್ಕೆ ಬರುವ ಗಿರಾಕಿ ಕಾಣಸಿಗುವುದುಂಟು. ಅವನ ಕತ್ತಿನಲ್ಲೋ ಕಂಕುಳಲ್ಲೋ ನರೂಲಿ ಎದ್ದಿರುತ್ತದೆ. ಅದಕ್ಕೆ ಕಟ್ಟಲು ಕುದುರೆ ಬಾಲದ ಒಂದೆರಡು ಕೂದಲು ಬೇಕು. ಬುಡಕ್ಕೆ ಬಿಗಿಯಾಗಿ ಸುತ್ತಿದರೆ ರಕ್ತ ಹರಿಯದೆ ನರೂಲಿ ಒಣಗಿ ಉದುರುತ್ತದೆ ಎಂಬುದು ಅಜ್ಜಿಯರ ಕಾಲದ ಲೆಕ್ಕ. ಟಾಂಗಾದವರು ಕೂದಲು ಕಿತ್ತು ಕೊಡುತ್ತಾರೆ; ಕೆಲವರು ಅದಕ್ಕೆ ಕಾಸನ್ನೂ ತೆಗೆದುಕೊಳ್ಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಅಂತಹ ಒಬ್ಬರು ನನ್ನನ್ನು ಕರೆಸಿದ್ದರು. ಅವರ ಕಂದು ಕುದುರೆಯ ತೊಡೆಯ ಒಳಬದಿಯಲ್ಲಿ ಅಡಿಕೆ ಗಾತ್ರದ ಗಂಟು ಎದ್ದಿತ್ತಂತೆ. ಅದೇ ಕುದುರೆಯ ಬಾಲದಿಂದ ಕೂದಲು ಕಿತ್ತು ಅದರ ಗಂಟಿಗೇ ಕಟ್ಟಿದ್ದರು. ಗಂಟು ಉದುರಿತ್ತು. ಒಂದೂವರೆ ತಿಂಗಳಲ್ಲಿ ನಿಂಬೆಹಣ್ಣಿನಷ್ಟಾಗಿ, ರಕ್ತ ಒಸರುತ್ತ, ನೊಣ ಮುತ್ತಿಸಿಕೊಂಡು ಮರಳಿ ಬಂದಿತ್ತು. "ಊರವರಿಗೆಲ್ಲ ಈ ಕೂದಲು ಕೆಲಸ ಮಾಡುತ್ತದೆ ಡಾಕ್ಟರ್ ಸಾಹೇಬರೇ, ಇದರ ಮೈಗೇ ಏಕೆ ಆಗಲಿಲ್ಲ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚಾಗಿತ್ತು.

ಆಗಲಿಲ್ಲ, ಏಕೆಂದರೆ ಅದು ನರೂಲಿಯಾಗಿರಲಿಲ್ಲ. ಕುದುರೆಯ ಮೈಮೇಲೆ ಏಳುವ ಉಬ್ಬುಗಳಲ್ಲಿ ಬೆಳಗಾಗುವಷ್ಟರಲ್ಲಿ ಇಳಿದುಹೋಗುವ ದದ್ದು ಇದೆ, ತಾನಾಗಿ ಉದುರುವ ನರೂಲಿ ಇದೆ, ಕೆಣಕಿದರೆ ಹೆಡೆಯೆತ್ತುವ ಗಡ್ಡೆ ಇದೆ, ಉಪಚರಿಸಲು ಹೋದವನ ಜೀವಕ್ಕೇ ಎರವಾಗುವ ಸೋಂಕೂ ಇದೆ. ಶುರುವಿನಲ್ಲಿ ಎಲ್ಲದರ ವೇಷವೂ ಒಂದೇ. ನಾನು ಕಂಡ ಮಟ್ಟಿಗೆ, ಗಂಟಿನಿಂದ ಕೆಟ್ಟ ಕುದುರೆಗಳಿಗಿಂತ ಗಂಟಿಗೆ ಮಾಡಿದ ಅವಸರದ ಉಪಚಾರದಿಂದ ಕೆಟ್ಟವೇ ಹೆಚ್ಚು. ಕಾಯಿಸಿದ ಕಬ್ಬಿಣದ ಬರೆ, ಮೈಲುತುತ್ತ, ಸುಣ್ಣ, ಬ್ಯಾಟರಿಯ ಆಸಿಡ್, ಕ್ಷೌರದ ಬ್ಲೇಡು, ಎಲ್ಲವನ್ನೂ ನೋಡಿದ್ದೇನೆ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವುದು ಇನ್ನೊಂದಿಲ್ಲ. ಲದ್ದಿ ಬಿದ್ದ ನೆಲದ ಮೇಲೆ ನಿಂತ ಕುದುರೆಗೆ ಬ್ಲೇಡು ಹಾಕುವವರು ಇದನ್ನು ಮರೆಯುತ್ತಾರೆ. ಗಂಟು ಗುಣವಾಗಿ, ಕುದುರೆ ಸೆಟೆದು ಸತ್ತ ಉದಾಹರಣೆಗಳಿವೆ.

ಮೊದಲು ಕೈ

ಮಾಲೀಸು ಮಾಡುವಾಗ ಬ್ರಷ್ಷಿಗೆ ಸಿಗದ ಜಾಗಗಳೇ ಗಂಟುಗಳಿಗೆ ಪ್ರಿಯ. ಬಾಲದ ಅಡಿ, ತೊಡೆಗಳ ಸಂದು, ಕಿವಿಯ ಒಳಮೈ, ದವಡೆಯ ಕೆಳಗಿನ ತಗ್ಗು, ಮುಂಗಾಲುಗಳ ನಡುವಿನ ಎದೆ, ಮರ್ಮಾಂಗದ ಚರ್ಮ. ವಾರಕ್ಕೊಮ್ಮೆ ಇಲ್ಲೆಲ್ಲ ಬರಿಗೈ ಆಡಿಸುವ ಅಭ್ಯಾಸವಿದ್ದರೆ ಗಂಟು ಹುರುಳಿಕಾಳಿನಷ್ಟಿರುವಾಗಲೇ ಸಿಗುತ್ತದೆ. ಹುಣ್ಣಾಗಿದ್ದರೆ ಮಾತ್ರ ಬರಿಗೈ ಬೇಡ, ಕೈಗವಸು ಹಾಕಿಕೊಳ್ಳಿ. ಏಕೆಂದು ಮುಂದೆ ಹೇಳುತ್ತೇನೆ.

ಗಂಟು ಸಿಕ್ಕಿದರೆ ಮೊದಲು ಮುಂಗೈಯ ಬೆನ್ನನ್ನು ಅದರ ಮೇಲಿಟ್ಟು, ಆಮೇಲೆ ಮೈಯ ಇನ್ನೊಂದು ಬದಿಯ ಅದೇ ಜಾಗಕ್ಕೆ ಇಟ್ಟು ನೋಡಬೇಕು. ಇಲ್ಲಿ ಬಿಸಿ ಹೆಚ್ಚು ಎನಿಸಿದರೆ ಒಳಗೆ ಉರಿಯೂತವಿದೆ. ನಂತರ ಹೆಬ್ಬೆರಳಿನಿಂದ ಒತ್ತಿ, ಹತ್ತು ಎಣಿಸಿ ತೆಗೆಯಿರಿ. ಕಲಸಿದ ಚಪಾತಿ ಹಿಟ್ಟಿನ ಮೇಲೆ ಬೆರಳೂರಿದಂತೆ ಗುಳಿ ಉಳಿದರೆ ಅಲ್ಲಿ ತುಂಬಿರುವುದು ನೀರು, ಗಡ್ಡೆಯಲ್ಲ. ಒತ್ತುವಾಗ ಕುದುರೆ ಕಿವಿ ಹಿಂದಕ್ಕೆ ಮಡಿಸಿತೇ, ಚರ್ಮ ಅದುರಿಸಿತೇ, ಹಿಂಗಾಲು ಎತ್ತಿತೇ? ನೋವಿಗೆ ಅದರ ಬಳಿ ಇರುವ ಮಾತುಗಳು ಇಷ್ಟೇ. ಆಮೇಲೆ ಗಂಟನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿ. ಚರ್ಮದ ಜೊತೆಗೇ ಅದು ಓಡಾಡುತ್ತದೆಯೋ, ಚರ್ಮ ಮಾತ್ರ ಅದರ ಮೇಲೆ ಜಾರುತ್ತದೆಯೋ, ಇಲ್ಲ ಕೆಳಗಿನ ಮಾಂಸಕ್ಕೆ ಬೇರು ಬಿಟ್ಟು ಕುಳಿತಿದೆಯೋ? ಮೇಲಿನ ಕೂದಲು ಹಾಗೆಯೇ ಇದೆಯೋ ಉದುರಿದೆಯೋ? ಒಂದೇ ಗಂಟೋ, ಸಾಲಾಗಿ ಹಲವೋ?

ಇಷ್ಟು ಮಾಡಿ, ಗಂಟಿನ ಪಕ್ಕದಲ್ಲಿ ಎರಡು ರೂಪಾಯಿಯ ನಾಣ್ಯ ಹಿಡಿದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ವಾರ ಬಿಟ್ಟು ಇನ್ನೊಂದು. "ಮೊದಲಿಗಿಂತ ದೊಡ್ಡದಾಗಿದೆ ಅನ್ನಿಸುತ್ತದೆ" ಎಂಬ ಮಾತಿನಿಂದ ವೈದ್ಯನಿಗೆ ಏನೂ ಸಿಗುವುದಿಲ್ಲ. ನಾಣ್ಯದ ಪಕ್ಕದ ಎರಡು ಫೋಟೋಗಳಿಂದ ಅರ್ಧ ಕಥೆ ಸಿಗುತ್ತದೆ.

ಬಂದಷ್ಟೇ ಬೇಗ ಹೋಗುವವು

ಸಂಜೆ ಲಾಯಕ್ಕೆ ಕಟ್ಟುವಾಗ ನುಣುಪಾಗಿದ್ದ ಮೈಯಲ್ಲಿ ಬೆಳಿಗ್ಗೆ ನಾಣ್ಯ ಹರಡಿದಂತೆ ಹತ್ತಾರು ಉಬ್ಬುಗಳು. ಬೆರಳೂರಿದರೆ ಗುಳಿ ಬೀಳುತ್ತದೆ, ಕೂದಲು ಹಾಗೆಯೇ ಇದೆ. ಮನುಷ್ಯರಲ್ಲಿ ಪಿತ್ತದ ಗಂಧೆ ಎನ್ನುತ್ತೇವಲ್ಲ, ಅದೇ ಇದು. ಕೀಟದ ಕಡಿತ, ಹೊಸ ಮೇವು, ಚುಚ್ಚಿದ ಔಷಧಿ, ಅದರಲ್ಲೂ ಪೆನಿಸಿಲಿನ್, ಇವುಗಳಲ್ಲಿ ಯಾವುದೋ ಒಂದು ಮೈಗೆ ಒಗ್ಗಿರುವುದಿಲ್ಲ. ಹೆಚ್ಚಿನವು ಒಂದೆರಡು ದಿನದಲ್ಲಿ ತಾವೇ ಇಳಿಯುತ್ತವೆ. ತಣ್ಣೀರು ಸುರಿದು, ಕಳೆದ ಮೂರು ದಿನಗಳಲ್ಲಿ ಕುದುರೆಯ ಬದುಕಿನಲ್ಲಿ ಹೊಸದೇನು ಬಂತು ಎಂದು ಯೋಚಿಸಿದರೆ ಸಾಕು. ಮೂಗಿನ ಹೊಳ್ಳೆ, ತುಟಿ, ಕಣ್ಣಿನ ರೆಪ್ಪೆ ಊದಿ ಉಸಿರು ಗೊರಗುಟ್ಟಿದರೆ ಮಾತ್ರ ಕಾಯುವಂತಿಲ್ಲ. ಅದು ಗಂಟೆಗಳ ಲೆಕ್ಕದ ತುರ್ತು. ಔಷಧಿ ಅಂಗಡಿಯಿಂದ ಸ್ಟೀರಾಯ್ಡ್ ತಂದು ತಾವೇ ಚುಚ್ಚುವವರಿಗೊಂದು ಮಾತು: ಕೆಲವು ಕುದುರೆಗಳಲ್ಲಿ ಅದು ಗೊರಸಿನೊಳಗಿನ ಪದರಕ್ಕೆ ಉರಿಯೂತ ತರಬಹುದು. ದದ್ದು ಹೋಗಿ ಕಾಲು ಹೋದರೆ ಲಾಭವೇನು?

ಒದೆತ ತಿಂದ ಜಾಗದಲ್ಲಿ ನೀರು ತುಂಬಿದ ಬಲೂನಿನಂತೆ ಏಳುವುದು ಚರ್ಮದಡಿ ಶೇಖರವಾದ ರಕ್ತ. ಅದನ್ನು ಒಡೆಯಲು ಎಲ್ಲರಿಗೂ ಕೈ ತುರಿಸುತ್ತದೆ. ಒಡೆಯಬಾರದು. ಒಳಗೆ ಹರಿಯುತ್ತಿರುವ ರಕ್ತನಾಳ ಮುಚ್ಚಿಕೊಳ್ಳಲು ಕೆಲವು ದಿನ ಬೇಕು. ಅಷ್ಟರೊಳಗೆ ತೂತು ಮಾಡಿದರೆ ರಕ್ತವೂ ಸುರಿಯುತ್ತದೆ, ಶುದ್ಧವಾಗಿದ್ದ ಚೀಲಕ್ಕೆ ಕೀವಿನ ಕ್ರಿಮಿಯೂ ಹೊಕ್ಕುತ್ತದೆ. ಕೀವುಗಡ್ಡೆಯ ರೀತಿಯೇ ಬೇರೆ. ಅದು ಬಿಸಿ, ನೋವು, ಮೊದಲು ಗಟ್ಟಿ, ಆಮೇಲೆ ನಡುವೆ ಮೆತ್ತಗಾಗಿ ಹಣ್ಣಾಗುತ್ತದೆ. ಶಾಖ ಕೊಟ್ಟು ಹಣ್ಣಾಗಿಸಿ, ಕೆಳತುದಿಯಲ್ಲಿ ದಾರಿ ಮಾಡಿ ಕೀವು ಇಳಿಸುವುದು ಹಳೆಯ ಕ್ರಮ, ಇಂದಿಗೂ ಸರಿಯಾದ ಕ್ರಮ. ಅದೇ ಕೀವುಗಡ್ಡೆ ದವಡೆಯ ಕೆಳಗೆ ಎದ್ದು, ಜೊತೆಗೆ ಜ್ವರ ಮತ್ತು ಮೂಗಿನಿಂದ ಕೀವು ಇದ್ದರೆ ಸ್ಟ್ರಾಂಗಲ್ಸ್ ಎಂಬ ಅಂಟುರೋಗವಿರಬಹುದು. ನೀರಿನ ಬಕೆಟ್ಟಿನಿಂದಲೇ ಲಾಯದ ತುಂಬ ಹರಡುವ ರೋಗವಿದು. ಆ ಕುದುರೆಯನ್ನು ಅಂದೇ ಬೇರೆ ಕಟ್ಟಬೇಕು, ಅದರ ಬಕೆಟ್ಟು, ಬ್ರಷ್ಷುಗಳೂ ಬೇರೆ.

ಕತ್ತು ಬೆನ್ನಿಗೆ ಸೇರುವ ಏರಿನ ಮೇಲೆ ಬಾವು ಬಂದು ಕೀವು ಸೋರುತ್ತಿದ್ದರೆ ಜೀನಿನ ಉಜ್ಜುವಿಕೆ ಎಂದು ಸುಮ್ಮನಾಗುವುದು ವಾಡಿಕೆ. ಹಲವು ಸಲ ಅದು ನಿಜವೂ ಹೌದು. ಆದರೆ ದನಗಳ ಜೊತೆ ಇರುವ ಕುದುರೆಗಳಲ್ಲಿ ಹಸುವಿನ ಗರ್ಭಪಾತಕ್ಕೆ ಕಾರಣವಾಗುವ ಬ್ರುಸೆಲ್ಲಾ ಕ್ರಿಮಿ ಇಲ್ಲಿ ಮನೆ ಮಾಡುವುದುಂಟು. ಮನುಷ್ಯರಲ್ಲಿ ಬಂದುಹೋಗುವ ಜ್ವರ, ಕೀಲುನೋವು ತರುವ ಕ್ರಿಮಿಯೂ ಅದೇ. ಕುರಿಮಂದೆಯ ಜೊತೆ ಹೊರೆ ಹೊತ್ತು ಊರೂರು ತಿರುಗುವ ಕುರುಬರ ಕುದುರೆಗಳ ಬೆನ್ನಿನ ಹುಣ್ಣು ನೋಡುವಾಗಲೆಲ್ಲ ಇದು ನನ್ನ ನೆನಪಿಗೆ ಬರುತ್ತದೆ.

ಮಳೆಯ ಹುಣ್ಣು

ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ದಂಡುಗಳಲ್ಲಿದ್ದ ಬ್ರಿಟಿಷ್ ಪಶುವೈದ್ಯರಿಗೆ ಒಂದು ವಿಚಿತ್ರ ರೋಗ ಎದುರಾಯಿತು. ಮಳೆಗಾಲ ಶುರುವಾದೊಡನೆ ಕುದುರೆಗಳ ಕಾಲು, ಹೊಟ್ಟೆಯ ಅಡಿ, ತುಟಿಯ ಕೊನೆ, ಕಣ್ಣಿನ ಮೂಲೆಗಳಲ್ಲಿ ಕೊಬ್ಬಿದ ಮಾಂಸದ ಹುಣ್ಣು ಏಳುತ್ತಿತ್ತು. ಚಳಿ ಬಂದೊಡನೆ ಎಷ್ಟೋ ಕುದುರೆಗಳಲ್ಲಿ ತಾನೇ ಒಣಗುತ್ತಿತ್ತು. ಹಿಂದೂಸ್ತಾನಿ ಮಾತನಾಡುವ ಸಾಯೀಸರು ಇದನ್ನು ಬರ್ಸಾತಿ, ಅಂದರೆ ಮಳೆಯದು, ಎಂದು ಕರೆದರು. ಆ ಹೆಸರು ಹಾಗೆಯೇ ಇಂಗ್ಲಿಷ್ ವೈದ್ಯಗ್ರಂಥಗಳಿಗೆ ಹೊಕ್ಕಿತು. ಹುಣ್ಣನ್ನು ಹಿಂಡಿದರೆ ಸಿಗುತ್ತಿದ್ದ ಕಲ್ಲುಚೂರಿನಂತಹ ಹಳದಿ ಗಟ್ಟಿಗಳನ್ನು ಕಂಕರ್ ಎಂದರು. ಅದೂ ಪುಸ್ತಕಕ್ಕೆ ಹೋಯಿತು. ಕುದುರೆ ಲಾಯದ ಹುಡುಗರು ಜಗತ್ತಿನ ವೈದ್ಯಶಾಸ್ತ್ರಕ್ಕೆ ಕೊಟ್ಟ ಎರಡು ಪದಗಳಿವು.

ಆ ಒಂದು ಹೆಸರಿನ ಕೆಳಗೆ ಎರಡು ಬೇರೆ ರೋಗಗಳು ಅಡಗಿದ್ದವು ಎಂದು ಗೊತ್ತಾದದ್ದು ಬಹಳ ತಡವಾಗಿ. ಮೊದಲನೆಯದರ ಕಾರಣ ಹ್ಯಾಬ್ರೊನೀಮಾ ಎಂಬ ಹೊಟ್ಟೆಹುಳು. ಅದರ ಮೊಟ್ಟೆ ಅಥವಾ ಮರಿ ಲದ್ದಿಯಲ್ಲಿ ಹೊರಬೀಳುತ್ತದೆ. ಲದ್ದಿಯಲ್ಲೇ ಬೆಳೆಯುವ ನೊಣದ ಹುಳು ಅದನ್ನು ನುಂಗುತ್ತದೆ. ನೊಣ ರೆಕ್ಕೆ ಬಲಿತು ಹಾರುವಾಗ ಅದರ ಬಾಯಲ್ಲಿ ಈ ಮರಿ ಕಾದು ಕುಳಿತಿರುತ್ತದೆ. ನೊಣ ಕುದುರೆಯ ತುಟಿಯ ಮೇಲೆ ಕುಳಿತರೆ ಮರಿ ಬಾಯಿಗೆ ಇಳಿದು ಹೊಟ್ಟೆ ಸೇರುತ್ತದೆ, ಚಕ್ರ ಪೂರ್ಣವಾಗುತ್ತದೆ. ಗಾಯದ ಮೇಲೋ ಕಣ್ಣಿನ ಮೂಲೆಯಲ್ಲೋ ಕುಳಿತರೆ ಮರಿ ದಾರಿ ತಪ್ಪಿ ಚರ್ಮದೊಳಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಅದು ಬೆಳೆಯಲಾರದು. ಮೈ ಅದನ್ನು ಸುಮ್ಮನೆ ಬಿಡುವುದೂ ಇಲ್ಲ. ಆ ಜಗಳದಿಂದಲೇ ಗಾಯ ಮಾಯದೆ ಕೆಂಪಗೆ ಉಬ್ಬುತ್ತದೆ, ವಿಪರೀತ ತುರಿಸುತ್ತದೆ, ನಡುವೆ ಅಕ್ಕಿಕಾಳಿನಂತಹ ಹಳದಿ ಕಣಗಳು ಕಾಣುತ್ತವೆ. ಈ ಕಣಗಳೇ ಗುರುತು.

ಚಿಕಿತ್ಸೆ ಇಂದು ಸುಲಭ. ಐವರ್‌ಮೆಕ್ಟಿನ್ ಪೇಸ್ಟನ್ನು ಕುದುರೆಯ ತೂಕಕ್ಕೆ ತಕ್ಕಂತೆ ಬಾಯಿಗೆ ಹಾಕಿದರೆ ಮರಿಯೂ ಹೊಟ್ಟೆಯ ಹುಳುವೂ ಸಾಯುತ್ತವೆ. ಮೈಯ ಅತಿರೇಕವನ್ನು ತಣಿಸಲು ವೈದ್ಯರು ಸ್ವಲ್ಪ ಸ್ಟೀರಾಯ್ಡ್ ಸೇರಿಸುತ್ತಾರೆ. ದನಕ್ಕೆಂದು ತಯಾರಾದ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಅಗ್ಗವೆಂದು ಕುದುರೆಗೆ ಹಾಕುವವರಿದ್ದಾರೆ. ಚುಚ್ಚಿದ ಜಾಗದಲ್ಲಿ ಅಪಾಯಕಾರಿ ಸೋಂಕು ಹುಟ್ಟುವ ಸಂಭವವಿರುವುದರಿಂದ ಹಾಗೆ ಮಾಡಬಾರದು. ಉಳಿದ ಚಿಕಿತ್ಸೆಯೆಲ್ಲ ಲದ್ದಿಯದು. ಲಾಯದ ಪಕ್ಕದಲ್ಲೇ ತಿಪ್ಪೆ ಇಟ್ಟುಕೊಂಡು ನೊಣಕ್ಕೆ ಬೈದು ಪ್ರಯೋಜನವಿಲ್ಲ.

ಎರಡನೆಯದು ಹೆಚ್ಚು ಕ್ರೂರ. ಅದರ ಕಾರಣ ಪಿಥಿಯಮ್ ಇನ್ಸಿಡಿಯೋಸಮ್ ಎಂಬ ಜೀವಿ. 1987ರಲ್ಲಿ ಅದಕ್ಕೆ ಆ ಹೆಸರಿಡಲಾಯಿತು. ನೋಡಲು ಬೂಷ್ಟಿನಂತಿದ್ದರೂ ಅದು ಬೂಷ್ಟಲ್ಲ. ನಿಂತ ನೀರಿನಲ್ಲಿ ಈಜುವ ಬೀಜಾಣುಗಳಿಂದ ಹರಡುವ, ಪಾಚಿಗೆ ಹತ್ತಿರದ ಸಂಬಂಧಿ. ಕೆರೆಯಂಚಿನಲ್ಲಿ, ಜೌಗಿನಲ್ಲಿ ಹೊತ್ತುಗಟ್ಟಲೆ ನಿಂತು ಮೇಯುವ ಕುದುರೆಯ ಕಾಲಿನ ಸಣ್ಣ ಗೀರೇ ಅದಕ್ಕೆ ಬಾಗಿಲು. ವಾರಗಳಲ್ಲಿ ಅಂಗೈಯಗಲಕ್ಕೆ ಹರಡುತ್ತದೆ, ತುರಿಕೆ ತಾಳದೆ ಕುದುರೆ ತನ್ನ ಮಾಂಸವನ್ನೇ ಕಚ್ಚಿಕೊಳ್ಳುತ್ತದೆ. ಹುಣ್ಣಿನ ತೂತುಗಳಿಂದ ಹವಳದ ಕೊಂಬೆಯಂತಹ ಗಟ್ಟಿಗಳನ್ನು ಎಳೆದು ತೆಗೆಯಬಹುದು. ಬೂಷ್ಟಿನ ಔಷಧಿಗಳಲ್ಲಿ ಹಲವು ಬೂಷ್ಟಿನ ಜೀವಕೋಶದಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನ ಮೇಲೆ ಗುರಿಯಿಡುತ್ತವೆ. ಪಿಥಿಯಮ್‌ನಲ್ಲಿ ಆ ಗುರಿಯೇ ಇಲ್ಲವಾದ್ದರಿಂದ ಅವು ಸಾಮಾನ್ಯವಾಗಿ ಸೋಲುತ್ತವೆ. ಬೇಗ ಗುರುತಿಸಿ, ಸುತ್ತಲಿನ ಆರೋಗ್ಯವಂತ ಚರ್ಮವನ್ನೂ ಸೇರಿಸಿ ಕತ್ತರಿಸಿ, ಅದೇ ಜೀವಿಯ ಸಾರದಿಂದ ಮಾಡಿದ ಚುಚ್ಚುಮದ್ದಿನಿಂದ ಮೈಯನ್ನು ಎಚ್ಚರಿಸುವುದು ಈಗಿರುವ ದಾರಿ. ತಡವಾದರೆ ಅದೂ ಇಲ್ಲ.

ನೊಣ, ನುಸಿಗಳ ಕಾಲದಲ್ಲೇ ಬೆನ್ನಿನ ಎರಡು ಬದಿಗಳಲ್ಲಿ ಕಡಲೆಯಿಂದ ಅಡಿಕೆಯವರೆಗಿನ ಗಟ್ಟಿ ಗಂಟುಗಳು ಏಳುವುದುಂಟು. ಕೂದಲು ಉದುರಿರುವುದಿಲ್ಲ, ನೋವಿಲ್ಲ, ತುರಿಕೆಯಿಲ್ಲ, ಕುದುರೆಗೆ ಅದರ ಪರಿವೆಯೇ ಇರುವುದಿಲ್ಲ. ಕೀಟ ಕಡಿತಕ್ಕೆ ಚರ್ಮ ಕೊಟ್ಟ ತಡವಾದ ಉತ್ತರವಿದು ಎಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಜೀನಿನ ಕೆಳಗೆ ಬಂದು ಒತ್ತುತ್ತಿದ್ದರೆ ಗಂಟಿನೊಳಗೇ ಸ್ಟೀರಾಯ್ಡ್ ಚುಚ್ಚಬಹುದು. ಬೇರೆಡೆ ಇದ್ದರೆ ಇರಲಿ ಬಿಡಿ ಎನ್ನುತ್ತೇನೆ. ಹೊಟ್ಟೆಯ ಕೆಳಗೆ ಚಪ್ಪಟೆ ಊತ ಬಂದು, ಜೊತೆಗೆ ಬಂದುಹೋಗುವ ಜ್ವರವೂ ಸೊರಗುವಿಕೆಯೂ ಇದ್ದರೆ ಮಾತ್ರ ಅದು ಚರ್ಮದ ವಿಷಯವಲ್ಲ. ರಕ್ತದಲ್ಲಿ ಸರ್ರಾ ರೋಗದ ಪರಾವಲಂಬಿ ಇದೆಯೇ ಎಂದು ನೋಡಿಸಬೇಕು. ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ 1880ರಲ್ಲಿ ಅಂದಿನ ಪಂಜಾಬಿನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಅದನ್ನು ಮೊದಲು ಕಂಡ. ಕಚ್ಚುವ ದೊಡ್ಡ ನೊಣಗಳು ಅದನ್ನು ಇಂದಿಗೂ ಹೊತ್ತು ತಿರುಗುತ್ತಿವೆ.

ಹೆಡೆಯೆತ್ತುವ ಗಡ್ಡೆ

ಈಗ ಟಾಂಗಾದವರ ಕಂದು ಕುದುರೆಗೆ ಬರೋಣ. ಅದಕ್ಕಿದ್ದದ್ದು ಸಾರ್ಕಾಯ್ಡ್. ಕುದುರೆಗಳ ಚರ್ಮದ ಗಡ್ಡೆಗಳಲ್ಲಿ ಜಗತ್ತಿನಾದ್ಯಂತ ಅತಿ ಸಾಮಾನ್ಯವಾದದ್ದು ಇದೇ. 1936ರಲ್ಲಿ ದಕ್ಷಿಣ ಆಫ್ರಿಕಾದ ಜಾಕ್ಸನ್ ಎಂಬ ವಿಜ್ಞಾನಿ ಇದನ್ನು ಬೇರೆಯಾಗಿ ಗುರುತಿಸಿ ಹೆಸರಿಟ್ಟರು. ಆಮೇಲೆ ತಿಳಿದ ಸಂಗತಿ ಇನ್ನೂ ಸ್ವಾರಸ್ಯದ್ದು: ಇದರ ಹಿಂದಿರುವುದು ಕುದುರೆಯ ವೈರಸ್ ಅಲ್ಲ, ದನಗಳಲ್ಲಿ ನರೂಲಿ ತರುವ ಪ್ಯಾಪಿಲೋಮಾ ವೈರಸ್. ಹಸುವಿನ ಮೈಯಲ್ಲಿ ಕೆಲವು ತಿಂಗಳು ಇದ್ದು ಉದುರುವ ನರೂಲಿಯ ವೈರಸ್, ಕುದುರೆಯ ಚರ್ಮಕ್ಕೆ ಬಂದರೆ ಹೊರಡಲು ಒಪ್ಪದ ಬಾಡಿಗೆದಾರನಾಗುತ್ತದೆ. ನೊಣಗಳು ಅದನ್ನು ಸಾಗಿಸುತ್ತವೆ ಎಂಬ ಗುಮಾನಿ ಬಲವಾಗಿದೆ. ಒಂದೇ ಲಾಯದಲ್ಲಿ ಒಂದಕ್ಕೆ ಬಂದು ಇನ್ನೊಂದಕ್ಕೆ ಬಾರದಿರುವುದರಲ್ಲಿ ವಂಶದ ಪಾತ್ರವೂ ಇದೆ. ಎಳೆ ಪ್ರಾಯದ ಕುದುರೆಗಳಲ್ಲೇ ಹೆಚ್ಚು ಕಾಣಿಸುತ್ತದೆ. ಕತ್ತೆ, ಹೇಸರಗತ್ತೆಗಳಿಗೂ ಬರುತ್ತದೆ.

ಇದನ್ನು ಗುರುತಿಸುವುದು ಕಷ್ಟವಾಗಲು ಕಾರಣ ಇದರ ಬಹುರೂಪ. ಕೂದಲುದುರಿದ, ಬೂದು ಬಣ್ಣದ ದುಂಡು ಮಚ್ಚೆಯಾಗಿ ಬಂದರೆ ಹುಳುಕಡ್ಡಿ ಎಂದು ಮುಲಾಮು ಹಚ್ಚುತ್ತಾರೆ. ಒರಟು ಸಿಪ್ಪೆಯಾಗಿ ಬಂದರೆ ನರೂಲಿ ಎನ್ನುತ್ತಾರೆ. ಚರ್ಮದಡಿ ಗೋಲಿಯಂತೆ ಉರುಳುತ್ತಿದ್ದರೆ ಕೊಬ್ಬಿನ ಗಂಟು ಎನ್ನುತ್ತಾರೆ. ಹಸಿ ಮಾಂಸದಂತೆ ಕೆಂಪಗೆ ಉಬ್ಬಿದರೆ ಮಾಯದ ಗಾಯ ಎನ್ನುತ್ತಾರೆ. ಒಂದೇ ಕುದುರೆಯಲ್ಲಿ ಎರಡು ಮೂರು ವೇಷಗಳೂ ಇರಬಹುದು. ತೊಡೆಸಂದು, ಎದೆ, ಕಣ್ಣಿನ ಸುತ್ತ, ಕಿವಿಯ ಬುಡ ಇದರ ಮೆಚ್ಚಿನ ಜಾಗಗಳು. ಹಳೆಯ ಗಾಯದ ಕಲೆಯಲ್ಲೂ ಏಳುತ್ತದೆ.

ಮೈಯೊಳಗಿನ ಅಂಗಗಳಿಗೆ ಇದು ಹರಡುವುದಿಲ್ಲ ಎಂಬುದೊಂದು ಸಮಾಧಾನ. ಆದರೆ ಅರ್ಧಂಬರ್ಧ ಕೆಣಕಿದರೆ ಸೇಡು ತೀರಿಸಿಕೊಳ್ಳುವಂತೆ ಬೆಳೆಯುತ್ತದೆ. ಹೊರಗೆ ಕಾಣುವ ಗಂಟಿನಾಚೆಗೂ ಚರ್ಮದೊಳಗೆ ಇದರ ಜೀವಕೋಶಗಳು ಚಾಚಿಕೊಂಡಿರುತ್ತವೆ. ಕುದುರೆಕೂದಲು ಬಿಗಿದಾಗ ಮೇಲಿನ ಗುಂಡು ಸತ್ತಿತು, ಬುಡ ಕೆರಳಿತು. ತಮಾಷೆಯೆಂದರೆ, ಅದೇ ಉಪಾಯವನ್ನು ವೈದ್ಯರೂ ಬಳಸುತ್ತಾರೆ, ಕೂದಲಿನ ಬದಲು ಬಿಗಿ ರಬ್ಬರ್ ಉಂಗುರದಿಂದ. ಆದರೆ ಗಂಟಿನ ಕತ್ತು ಸಪೂರವಾಗಿದ್ದು, ಅದರ ಬುಡ ಪೂರ್ತಿಯಾಗಿ ಉಂಗುರದೊಳಗೆ ಸಿಗುವಂತಿದ್ದರೆ ಮಾತ್ರ. ಅಜ್ಜಿಯ ಲೆಕ್ಕ ತಪ್ಪಾಗಿರಲಿಲ್ಲ, ಗಂಟು ಬೇರೆಯದಾಗಿತ್ತು.

ಸಾರ್ಕಾಯ್ಡ್ ಎಂಬ ಅನುಮಾನವಿದ್ದಾಗ ಪರೀಕ್ಷೆಗೆಂದು ಚೂರು ಕತ್ತರಿಸುವುದನ್ನೂ ವೈದ್ಯರು ಎರಡು ಸಲ ಯೋಚಿಸುತ್ತಾರೆ, ಆ ಚೂರಿನ ಗಾಯವೇ ಕೆರಳಿಸಬಹುದೆಂದು. ಪರೀಕ್ಷೆ ಮಾಡುವುದಾದರೆ ಫಲಿತಾಂಶ ಬಂದೊಡನೆ ಚಿಕಿತ್ಸೆಗೂ ಸಿದ್ಧರಿರಬೇಕು. ಬೆಳೆಯದೆ ಸುಮ್ಮನಿರುವ ಸಣ್ಣ ಮಚ್ಚೆಯನ್ನು ಕೆಲವೊಮ್ಮೆ ಫೋಟೋ ತೆಗೆಯುತ್ತ ಕಾಯುವುದೇ ಜಾಣತನ. ಬೆಳೆಯುತ್ತಿದ್ದರೆ ದಾರಿಗಳು ಹಲವು: ಅಗಲವಾಗಿ ಶಸ್ತ್ರಚಿಕಿತ್ಸೆ ಅಥವಾ ಲೇಸರ್, ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು, ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿಯನ್ನು ಗಂಟಿನೊಳಗೇ ಚುಚ್ಚುವುದು, ಫ್ಲೂರೊಯುರಾಸಿಲ್ ಮುಲಾಮು. ಕಣ್ಣಿನ ಸುತ್ತಲಿನ ಗಂಟಿಗೆ, ಮಕ್ಕಳಿಗೆ ಕ್ಷಯದ ವಿರುದ್ಧ ಹಾಕುವ ಬಿಸಿಜಿ ಲಸಿಕೆಯನ್ನೇ ಒಳಗೆ ಚುಚ್ಚಿ ಮೈಯ ರಕ್ಷಣಾಪಡೆಯನ್ನು ಎಬ್ಬಿಸುವ ಪದ್ಧತಿಯೂ ಇದೆ. ತೀವ್ರ ಅಲರ್ಜಿಯ ಅಪಾಯವಿರುವುದರಿಂದ ಅದು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ. ಬರೀ ಕತ್ತರಿಸಿ ಬಿಟ್ಟರೆ ಮರಳುವುದು ಸಾಮಾನ್ಯವಾದ್ದರಿಂದ ಎರಡು ವಿಧಾನಗಳನ್ನು ಜೊತೆಗೂಡಿಸುವುದೇ ರೂಢಿ. ಮೊದಲ ಚಿಕಿತ್ಸೆ ಗೆಲ್ಲುವ ಸಾಧ್ಯತೆಯೇ ಎಲ್ಲಕ್ಕಿಂತ ಹೆಚ್ಚು. ಮನೆಯಲ್ಲಿ ಮೂರು ಸಲ ಸುಟ್ಟು ಆಮೇಲೆ ತಂದರೆ ಆ ಅವಕಾಶ ಆಗಲೇ ಖರ್ಚಾಗಿರುತ್ತದೆ.

ಬಿಳಿ ಕುದುರೆಯ ಕಪ್ಪು ಗಂಟು

ಮದುವೆಯ ಮೆರವಣಿಗೆಗೆ ಬಿಳಿ ಕುದುರೆಯೇ ಬೇಕು. ಆ ಬಿಳಿಯ ಕೆಳಗಿನ ಚರ್ಮ ಬಹುತೇಕ ಕಪ್ಪು ಎಂಬುದನ್ನು ಮೈ ತೊಳೆಯುವವನು ಮಾತ್ರ ಬಲ್ಲ. ನಾವು ಬಿಳಿ ಎನ್ನುವ ಹೆಚ್ಚಿನ ಕುದುರೆಗಳು ಹುಟ್ಟುವಾಗ ಕಪ್ಪು ಅಥವಾ ಕಂದು. ವರ್ಷಗಳು ಕಳೆದಂತೆ ಅವುಗಳ ಕೂದಲು ಮನುಷ್ಯರ ತಲೆಯಂತೆ ನರೆಯುತ್ತದೆ, ನಮಗಿಂತ ಬಹಳ ಬೇಗ. 2008ರಲ್ಲಿ ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳ ತಂಡ ಈ ನರೆಯ ಮೂಲವನ್ನು ಹಿಡಿಯಿತು: ಎಸ್‌ಟಿಎಕ್ಸ್ 17 ಎಂಬ ವಂಶವಾಹಿಯೊಳಗೆ ಸುಮಾರು 4,600 ಡಿಎನ್‌ಎ ಅಕ್ಷರಗಳಷ್ಟು ಉದ್ದದ ತುಣುಕು ಎರಡೆರಡು ಸಲ ಬರೆಯಲ್ಪಟ್ಟಿದೆ. ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಂದು ಕುದುರೆಯಲ್ಲಿ ಆದ ಈ ನಕಲು ದೋಷವನ್ನು ಚೆಲುವೆಂದು ಬಗೆದು ರಾಜರು, ಸರದಾರರು ಆರಿಸಿ ಆರಿಸಿ ಬೆಳೆಸಿದರು.

ಆ ಚೆಲುವಿಗೆ ಬೆಲೆಯಿದೆ. ಬಣ್ಣ ಕೊಡುವ ಜೀವಕೋಶಗಳು ಕೂದಲಿನಿಂದ ಬೇಗ ಬರಿದಾಗಿ, ಚರ್ಮದಲ್ಲಿ ಅಂಕೆತಪ್ಪಿ ಹೆಚ್ಚುತ್ತವೆ. ಹದಿನೈದು ವರ್ಷ ದಾಟಿದ ಇಂತಹ ಕುದುರೆಗಳಲ್ಲಿ ಸುಮಾರು 80 ಶೇಕಡಾದಷ್ಟಕ್ಕೆ ಮೆಲನೋಮಾ, ಅಂದರೆ ಆ ಬಣ್ಣದ ಜೀವಕೋಶಗಳದೇ ಗಂಟುಗಳು, ಇರುತ್ತವೆ. ಬಾಲದ ಅಡಿ, ಗುದದ ಸುತ್ತ, ಮರ್ಮಾಂಗ, ತುಟಿ, ಕಿವಿಯ ಕೆಳಗಿನ ಜೊಲ್ಲುಗ್ರಂಥಿ ಇವುಗಳ ನೆಲೆ. ನುಣುಪಾದ, ಗಟ್ಟಿಯಾದ, ನೇರಳೆಹಣ್ಣಿನಂತಹ ಕಪ್ಪು ಗುಂಡುಗಳು. ಒಡೆದರೆ ಶಾಯಿಯಂತಹ ಕಪ್ಪು ದ್ರವ ಬರುತ್ತದೆ.

ವರ್ಷಗಟ್ಟಲೆ ಹಾಗೆಯೇ ಇರುವುದರಿಂದ "ಮುಟ್ಟದಿರಿ, ಅದರ ಪಾಡಿಗೆ ಇರಲಿ" ಎಂಬುದು ಹಳೆಯ ವೈದ್ಯರ ಮಾತಾಗಿತ್ತು. ನಾನೂ ಹಾಗೆ ಹೇಳಿ ಕಳಿಸಿದ್ದುಂಟು, ಈಗ ಹೇಳುವುದಿಲ್ಲ. ಇವುಗಳಲ್ಲಿ ಒಂದು ಪಾಲು ಮುಂದೆ ಒಳಗಿನ ಅಂಗಗಳಿಗೆ ಹರಡುತ್ತದೆ. ಹರಡದಿದ್ದರೂ ಬಾಲದಡಿಯ ಗಂಟುಗಳು ದ್ರಾಕ್ಷಿ ಗೊಂಚಲಾಗಿ ಬೆಳೆದು ಲದ್ದಿ ಹಾಕುವುದಕ್ಕೇ ಅಡ್ಡವಾಗುತ್ತವೆ. ಆಗ ಕತ್ತರಿಸಲು ಜಾಗವೂ ಇರುವುದಿಲ್ಲ, ಹೊಲಿಯಲು ಚರ್ಮವೂ ಇರುವುದಿಲ್ಲ. ಕಡಲೆಕಾಳಿನಷ್ಟಿರುವಾಗ, ಆ ಜಾಗವನ್ನಷ್ಟೇ ಮರಗಟ್ಟಿಸಿ ಅರ್ಧ ಗಂಟೆಯಲ್ಲಿ ತೆಗೆಯಬಹುದು. ದೊಡ್ಡವಕ್ಕೆ ಸಿಸ್‌ಪ್ಲಾಟಿನ್ ಚುಚ್ಚುವುದುಂಟು. ಮನುಷ್ಯರ ಹೊಟ್ಟೆಹುಣ್ಣಿನ ಸಿಮೆಟಿಡೀನ್ ಮಾತ್ರೆಯನ್ನೂ ಪ್ರಯತ್ನಿಸಿದ್ದಾರೆ. ಫಲಿತಾಂಶ ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ. ಬಿಳಿಯಲ್ಲದ ಕುದುರೆಗೆ ಮೆಲನೋಮಾ ಬರುವುದು ಅಪರೂಪ, ಆದರೆ ಬಂದರೆ ಅದರ ನಡೆ ಹೆಚ್ಚು ಕೆಟ್ಟದ್ದು.

ಚರ್ಮವೇ ಗುಲಾಬಿಯಾಗಿರುವ ಕಡೆ, ಅಂದರೆ ಮುಖದ ಬಿಳಿಪಟ್ಟೆ, ಬಣ್ಣವಿಲ್ಲದ ಕಣ್ಣಂಚು, ಮರ್ಮಾಂಗ, ಇಲ್ಲಿ ಹೂಕೋಸಿನಂತೆ ಏಳುವ, ಮಾಯದ, ದುರ್ವಾಸನೆಯ ಹುಣ್ಣನ್ನು ಬಿಸಿಲಿನಿಂದಲೋ ವೈರಸ್‌ನಿಂದಲೋ ಹುಟ್ಟುವ ಚರ್ಮದ ಕ್ಯಾನ್ಸರ್ ಎಂದೇ ಮೊದಲು ಅನುಮಾನಿಸಬೇಕು. ಅದಕ್ಕೆ ಕಾಯುವ ಮಾತಿಲ್ಲ.

ನಿಜವಾದ ನರೂಲಿಯ ವಿಷಯ ಹೇಳದೆ ಮುಂದೆ ಹೋದರೆ ತಪ್ಪಾದೀತು. ಮೂರು ವರ್ಷದೊಳಗಿನ ಮರಿಗಳ ಮೂತಿ, ತುಟಿಗಳ ಮೇಲೆ ಸಣ್ಣಗೆ ಗುಂಪಾಗಿ ಏಳುತ್ತವೆ. ಇದು ಕುದುರೆಯದ್ದೇ ವೈರಸ್. ಕೆಲವು ತಿಂಗಳಲ್ಲಿ ಒಂದೇ ಸಲಕ್ಕೆ ಉದುರಿಹೋಗುತ್ತವೆ. ಆ ಹೊತ್ತಿಗೆ ಯಾರು ಯಾವ ಸೊಪ್ಪು ಹಚ್ಚುತ್ತಿರುತ್ತಾರೋ ಅವರಿಗೆ ಕೀರ್ತಿ. ಇನ್ನೊಂದು ವಿಚಿತ್ರವೂ ನೆನಪಾಗುತ್ತದೆ: ಎಳೆಯ ಕುದುರೆಯ ಕಿವಿಯ ಬುಡದಲ್ಲಿ ಗಟ್ಟಿ ಗಂಟು, ಹತ್ತಿರದ ತೂತಿನಿಂದ ಅಂಟು ದ್ರವ. ಎಕ್ಸ್‌ರೇ ತೆಗೆದರೆ ಒಳಗೊಂದು ಹಲ್ಲು! ಭ್ರೂಣದಲ್ಲಿ ದಾರಿ ತಪ್ಪಿದ ಹಲ್ಲಿನ ಮೊಳಕೆ ಅಲ್ಲಿ ಬೆಳೆದಿರುತ್ತದೆ. ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ.

ಔಷಧಿ ಹಾಕಬಾರದ ಗಂಟು

ಹುಣ್ಣಾದ ಗಂಟಿಗೆ ಕೈಗವಸು ಬೇಕೆಂದದ್ದು ಗ್ಲ್ಯಾಂಡರ್ಸ್ ಎಂಬ ಅಂಟುರೋಗಕ್ಕಾಗಿ. ಚರ್ಮದಲ್ಲಿ ಕಾಣಿಸಿಕೊಂಡಾಗ ಇದಕ್ಕೆ ಫಾರ್ಸಿ ಎಂಬ ಹಳೆಯ ಹೆಸರಿದೆ. ಹಿಂಗಾಲಿನ ಒಳಬದಿಯಲ್ಲೋ ಹೊಟ್ಟೆಯ ಬದಿಯಲ್ಲೋ ಗಂಟುಗಳು ಚದುರಿ ಏಳುವುದಿಲ್ಲ. ದಾರಕ್ಕೆ ಮಣಿ ಪೋಣಿಸಿದಂತೆ ಒಂದರ ಹಿಂದೊಂದು ಸಾಲಾಗಿ ಏಳುತ್ತವೆ. ನಡುವಿನ ದಾರವೂ, ಅಂದರೆ ಊದಿದ ದುಗ್ಧನಾಳವೂ, ಬೆರಳಿಗೆ ಹಗ್ಗದಂತೆ ಸಿಗುತ್ತದೆ. ಗಂಟು ಒಡೆದರೆ ಜೇನಿನ ಬಣ್ಣದ ಅಂಟು ಕೀವು. ಮೂಗಿನಿಂದಲೂ ಅಂತಹದೇ ಸುರಿತ, ಜ್ವರ, ಕೆಮ್ಮು ಜೊತೆಗಿರಬಹುದು. ಕತ್ತೆ, ಹೇಸರಗತ್ತೆಗಳಲ್ಲಿ ದಿನಗಳಲ್ಲೇ ಮುಗಿಸುತ್ತದೆ. ಕುದುರೆಯಲ್ಲಿ ತಿಂಗಳುಗಟ್ಟಲೆ ಎಳೆಯುತ್ತದೆ, ಅಷ್ಟು ಕಾಲವೂ ಹರಡುತ್ತಿರುತ್ತದೆ. ಬರ್ಕ್‌ಹೋಲ್ಡೇರಿಯಾ ಮ್ಯಾಲಿಯೈ ಎಂಬ ಇದರ ಬ್ಯಾಕ್ಟೀರಿಯಾ ಮನುಷ್ಯರಿಗೂ ಅಂಟಿ ಪ್ರಾಣ ತೆಗೆಯುತ್ತದೆ. ಒಂದನೆಯ ಮಹಾಯುದ್ಧದಲ್ಲಿ ಶತ್ರುಪಡೆಯ ಕುದುರೆ, ಹೇಸರಗತ್ತೆಗಳನ್ನು ಕೊಲ್ಲಲು ಇದನ್ನೇ ಅಸ್ತ್ರವಾಗಿ ಬಳಸಿದ್ದರು.

ಮುಂದುವರಿದ ಹಲವು ದೇಶಗಳು ಇದನ್ನು ತೊಡೆದುಹಾಕಿವೆ. ನಮ್ಮಲ್ಲಿ ಇನ್ನೂ ಇದೆ. 2006ರಿಂದೀಚೆಗೆ ಹಲವು ರಾಜ್ಯಗಳಲ್ಲಿ ಮತ್ತೆ ಮತ್ತೆ ತಲೆಯೆತ್ತಿದೆ. 1899ರಷ್ಟು ಹಿಂದೆಯೇ ಇದಕ್ಕೆಂದೇ ಒಂದು ಕಾಯ್ದೆಯಿತ್ತು. ಈಗ ಅದರ ಜಾಗದಲ್ಲಿ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಿದೆ. ಅನುಮಾನ ಬಂದರೆ ಪಶುಪಾಲನಾ ಇಲಾಖೆಗೆ ತಿಳಿಸಲೇಬೇಕು. ರಕ್ತದ ಮಾದರಿಯ ಪರೀಕ್ಷೆಯ ಹಿಂದೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ. ಖಚಿತವಾದರೆ ಆ ಪ್ರಾಣಿಗೆ ಚಿಕಿತ್ಸೆಯಿಲ್ಲ, ನೋವಿಲ್ಲದೆ ಕೊನೆಗೊಳಿಸುವುದೊಂದೇ. ಮಾಲೀಕರಿಗೆ ಸರ್ಕಾರದಿಂದ ಪರಿಹಾರ ಸಿಗುತ್ತದೆ. ಅನ್ನ ಕೊಟ್ಟ ಪ್ರಾಣಿಯ ಬೆಲೆಗೆ ಅದು ಸಮವಲ್ಲ ಎಂದು ನನಗೂ ಗೊತ್ತು. ಆದರೆ ರೋಗ ಮುಚ್ಚಿಟ್ಟು ಆ್ಯಂಟಿಬಯೋಟಿಕ್ ಚುಚ್ಚಿಸಿದರೆ ಗಂಟು ತಾತ್ಕಾಲಿಕವಾಗಿ ಬಾಡಬಹುದು. ಕುದುರೆಯ ಜೊತೆ ಒಂದೇ ಚಾಪೆಯ ದೂರದಲ್ಲಿ ಮಲಗುವ ಮಕ್ಕಳಿಗೆ ಅಪಾಯ ಉಳಿದೇ ಇರುತ್ತದೆ.

ಮಣಿಸರದಂತೆ ಕಾಣುವುದೆಲ್ಲ ಗ್ಲ್ಯಾಂಡರ್ಸ್ ಅಲ್ಲ. ಒಂದು ಬಗೆಯ ಬೂಷ್ಟಿನ ಸೋಂಕೂ ಹೀಗೆಯೇ ಕಾಣುತ್ತದೆ. ಕಣ್ಣಿನಿಂದ ಇವೆರಡನ್ನು ಬೇರ್ಪಡಿಸುತ್ತೇನೆ ಎನ್ನುವ ವೈದ್ಯನನ್ನು ನಾನಂತೂ ನಂಬುವುದಿಲ್ಲ. ಪ್ರಯೋಗಾಲಯದ ಉತ್ತರ ಬರುವವರೆಗೆ ಕುದುರೆ ಬೇರೆ, ನೀರಿನ ತೊಟ್ಟಿ ಬೇರೆ, ಕೈಗವಸು ಕಡ್ಡಾಯ.

ಉಳಿದ ಗಂಟುಗಳಲ್ಲಿಯೂ ಕೈ ಮತ್ತು ಕಣ್ಣು ಸೋತಾಗ ಪ್ರಯೋಗಾಲಯವೇ ಗತಿ. ಸಪೂರ ಸೂಜಿಯಿಂದ ಕೆಲವು ಜೀವಕೋಶ ಹೀರಿ ಗಾಜಿನ ಮೇಲೆ ಹರಡಿ ನೋಡಿದರೆ ಕೀವೋ, ಮೆಲನೋಮಾವೋ ಹೆಚ್ಚಾಗಿ ತಿಳಿಯುತ್ತದೆ. ಉಳಿದವಕ್ಕೆ ಚರ್ಮದ ಚೂರು ಬೇಕಾಗಬಹುದು. ಊರಿನ ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಬೆಂಗಳೂರಿನ ಹೆಬ್ಬಾಳದಂತಹ ಪಶುವೈದ್ಯಕೀಯ ಕಾಲೇಜುಗಳಿವೆ. ಕತ್ತರಿಸಿದ ಗಂಟನ್ನು ತಿಪ್ಪೆಗೆ ಎಸೆಯದೆ ಫಾರ್ಮಲಿನ್‌ನಲ್ಲಿಟ್ಟು ಕಳಿಸಲು ವೈದ್ಯರನ್ನು ಕೇಳಿ. ಎಷ್ಟೋ ಸಲ ಅದನ್ನೇ ಮರೆಯುತ್ತಾರೆ. ಎರಡನೆಯ ಸಲ ಗಂಟು ಬಂದಾಗ ಮೊದಲನೆಯದು ಏನಾಗಿತ್ತೆಂದು ಯಾರಿಗೂ ಗೊತ್ತಿರುವುದಿಲ್ಲ.

ಕಂದು ಕುದುರೆಗೆ ಮಂಪರು ಕೊಟ್ಟು, ಗಂಟನ್ನು ಸುತ್ತಲಿನ ಚರ್ಮದೊಂದಿಗೆ ತೆಗೆದು, ಎರಡು ವಾರಕ್ಕೊಮ್ಮೆಯಂತೆ ನಾಲ್ಕು ಸಲ ಸಿಸ್‌ಪ್ಲಾಟಿನ್ ಚುಚ್ಚಿದೆವು. ಮೂರನೆಯ ಸಲಕ್ಕೆ ಕುದುರೆ ನನ್ನ ಸ್ಕೂಟರಿನ ಸದ್ದು ಕೇಳಿದೊಡನೆ ಹಿಂಗಾಲು ಎತ್ತಿ ನಿಲ್ಲುತ್ತಿತ್ತು. ಗಾಯ ಮಾಯಿತು. ಅಂಗೈಯ ಅರ್ಧದಷ್ಟು ಜಾಗದಲ್ಲಿ ಕೂದಲು ಬಿಳಿಯಾಗಿ ಬೆಳೆದಿದೆ.

ಬಾಲದ ಕೂದಲನ್ನು ಆ ಯಜಮಾನರು ಈಗಲೂ ಕೇಳಿದವರಿಗೆ ಕೊಡುತ್ತಾರೆ. ಕಳೆದ ತಿಂಗಳು ಹೋದಾಗ ಕುದುರೆ ಚೀಲಕ್ಕೆ ಮೂತಿ ತೂರಿಸಿ ಹುರುಳಿ ತಿನ್ನುತ್ತಿತ್ತು. ಅವರು ಮೊಬೈಲ್ ತೆಗೆದು, ಬಿಳಿ ಕಲೆಯ ಪಕ್ಕ ನಾಣ್ಯವಿಟ್ಟು ತೆಗೆದ ಫೋಟೋಗಳನ್ನು ಒಂದೊಂದಾಗಿ ಸರಿಸಿದರು. ಹಬ್ಬಕ್ಕೆ ಹಬ್ಬಕ್ಕೆ ಒಂದರಂತೆ ಇದ್ದವು. "ಇಲ್ಲಿ ಅಂಚಿನಲ್ಲಿ ಸ್ವಲ್ಪ ದಪ್ಪ ಆದ ಹಾಗಿಲ್ಲವೇ ಸಾಹೇಬರೇ?" ಎಂದರು. ನಾನು ಬಗ್ಗಿ, ಎರಡು ಬೆರಳಲ್ಲಿ ಹಿಡಿದು ನೋಡಿದೆ. ಚರ್ಮ ಮೆತ್ತಗಿತ್ತು.